ದಿನಸಿ ಕೊಂಡರೂ ಸ್ಟೇಟ್‌ಮೆಂಟಿನಲ್ಲಿ ದಿನಸಿ ಎಂದು ಬಂದಿಲ್ಲ: ಎಂಸಿಸಿ (ಅಂಗಡಿಯ ವ್ಯಾಪಾರದ ಬಗೆ ಹೇಳುವ ನಾಲ್ಕಂಕಿ ಕೋಡ್) ಹಾಕುವುದು ಯಾರು, ನೋಡುವುದು ಎಲ್ಲಿ?

ಜಮಾಖರ್ಚು:

ನನ್ನ ಕ್ರೆಡಿಟ್ ಕಾರ್ಡಿನ ಷರತ್ತು ಇಷ್ಟು: ದಿನಸಿಗೆ ನೂರಕ್ಕೆ ಐದು ಕ್ಯಾಶ್‌ಬ್ಯಾಕ್, ಮಿಕ್ಕ ಖರ್ಚಿಗೆ ನೂರಕ್ಕೆ ಒಂದು, ಇಂಧನಕ್ಕೆ ಏನೂ ಇಲ್ಲ. ಈ ಬಾರಿ ಸ್ಟೇಟ್‌ಮೆಂಟನ್ನು ಸಾಲು ಸಾಲಾಗಿ ತಾಳೆ ನೋಡಿದರೆ ನಾಲ್ಕು ಕಡೆ ಲೆಕ್ಕ ಕೂಡುತ್ತಿಲ್ಲ.

ಮೊದಲನೆಯದು, ಬಟ್ಟೆ, ಪಾತ್ರೆ, ದಿನಸಿ ಎಲ್ಲ ಸಿಗುವ ಒಂದು ದೊಡ್ಡ ಮಳಿಗೆ. ಬಿಲ್ಲಿನಲ್ಲಿರುವುದು ಬರೀ ದಿನಸಿ. ಬ್ಯಾಂಕಿನ ಆ್ಯಪ್ ಕೂಡ ಆ ಸಾಲಿಗೆ "ದಿನಸಿ" ಎಂದೇ ಚೀಟಿ ಅಂಟಿಸಿದೆ. ಬಂದಿದ್ದು ಮಾತ್ರ ನೂರಕ್ಕೆ ಒಂದು. ಎರಡನೆಯದು, ಪೆಟ್ರೋಲ್ ಬಂಕಿನ ಒಳಗಿನ ಅಂಗಡಿಯಲ್ಲಿ ಕೊಂಡ ತಿಂಡಿ, ನೀರು. ಅದಕ್ಕೆ ಒಂದೂ ಬಂದಿಲ್ಲ. ಮೂರನೆಯದು, ವ್ಯಾಲೆಟ್‌ಗೆ ಹಾಕಿಕೊಂಡ ಹಣ. ಕ್ಯಾಶ್‌ಬ್ಯಾಕ್ ಇಲ್ಲದ್ದು ಹೋಗಲಿ, ಶುಲ್ಕ ಬಿದ್ದಿದೆ, ಬಡ್ಡಿಯೂ ಅದೇ ದಿನದಿಂದ ಶುರುವಾಗಿದೆ. ನಾಲ್ಕನೆಯದು, ಒಂದು ಸಣ್ಣ ದಿನಸಿ ಅಂಗಡಿ. ಸ್ಟೇಟ್‌ಮೆಂಟಿನಲ್ಲಿ ಯಾವುದೋ ಮೂರಕ್ಷರ, ಆಮೇಲೆ ನಕ್ಷತ್ರದ ಗುರುತು, ಆಮೇಲೆ ಅಂಗಡಿಯ ಅರ್ಧ ಹೆಸರು.

ಖಾತೆಯ ಫೈಲನ್ನು ಸಿಎಸ್‌ವಿಯಾಗಿ (ಸ್ಪ್ರೆಡ್‌ಶೀಟಿನಲ್ಲಿ ತೆರೆಯುವ ಪಟ್ಟಿಯಾಗಿ) ಇಳಿಸಿಕೊಂಡರೆ ಎಂಸಿಸಿ ಎಂಬ ಒಂದು ಕಾಲಂ ಕಾಣುತ್ತದೆ. ಆ ದೊಡ್ಡ ಮಳಿಗೆಗೆ 5311, ಬಂಕಿಗೆ 5541, ವ್ಯಾಲೆಟ್‌ಗೆ 6540, ಸಣ್ಣ ಅಂಗಡಿಗೆ 7399. ಪಶುವೈದ್ಯರ ಬಿಲ್ಲಿನ ಮುಂದೆ 742 ಎಂದು ಮೂರೇ ಅಂಕಿ ಇದೆ, ಅದೂ ಅರ್ಥವಾಗಲಿಲ್ಲ.

ಈ ಸಂಖ್ಯೆ ಹಾಕುವವರು ಯಾರು? ತಪ್ಪಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕ್ ತಿದ್ದುತ್ತದೆಯೆ? ಖರ್ಚು ಮಾಡುವ ಮುಂಚೆಯೇ ತಿಳಿದುಕೊಳ್ಳುವ ದಾರಿ ಇದೆಯೆ?

---

ತಾಳೆಪಟ್ಟಿ:

ನಿಮ್ಮ ಸಿಎಸ್‌ವಿಯಲ್ಲಿ ಆ ಕಾಲಂ ಇರುವುದೇ ಅರ್ಧ ಕೆಲಸ ಮುಗಿದಂತೆ. ಬಹಳಷ್ಟು ಬ್ಯಾಂಕುಗಳು ಸಂಖ್ಯೆಯನ್ನು ಮುಚ್ಚಿಟ್ಟು ವರ್ಗದ ಹೆಸರನ್ನಷ್ಟೇ ಕೊಡುತ್ತವೆ.

ನಾಲ್ಕೂ ಸಾಲಿನ ಬೇರು ಒಂದೇ. ಈ ಸಂಖ್ಯೆಗೆ ನಿಮ್ಮ ಚೀಲದೊಳಗೆ ಏನಿದೆ ಎಂಬುದು ಗೊತ್ತೇ ಇಲ್ಲ. ಅಂಗಡಿಯವರು ಕಾರ್ಡ್ ಹಣ ಪಡೆಯಲು ತಮ್ಮ ಬ್ಯಾಂಕಿನಲ್ಲಿ ಒಂದು ವ್ಯಾಪಾರಿ ಖಾತೆ ತೆರೆದಿರುತ್ತಾರೆ. ಆ ಖಾತೆ ತೆರೆಯುವ ದಿನ ಅಂಗಡಿಯ ಬ್ಯಾಂಕ್, ಅಂದರೆ ಅಕ್ವೈರರ್, ಅಲ್ಲಿ ಮುಖ್ಯವಾಗಿ ನಡೆಯುವ ವ್ಯಾಪಾರ ಯಾವುದೆಂದು ನೋಡಿ ನಾಲ್ಕಂಕಿಯ ಒಂದು ಕೋಡ್ ಹಾಕುತ್ತದೆ. ಅಲ್ಲಿಂದಾಚೆಗೆ ಆ ಖಾತೆಯ ಮೂಲಕ ಹೋಗುವ ಪ್ರತಿ ವಹಿವಾಟಿಗೂ ಅದೇ ಕೋಡ್. ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕ್ ಅದನ್ನು ಓದುತ್ತದೆ, ಬರೆಯುವುದಿಲ್ಲ. ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ನೇರ ಉತ್ತರ: ಇಲ್ಲ, ತಿದ್ದಲು ಬರುವುದಿಲ್ಲ. ಹೆಚ್ಚೆಂದರೆ ತನ್ನ ಕಡೆಯಿಂದ ಕ್ಯಾಶ್‌ಬ್ಯಾಕಿನ ವ್ಯತ್ಯಾಸವನ್ನು ಕೈಯಿಂದ ಜಮಾ ಮಾಡಬಹುದು.

ಈಗ ಒಂದೊಂದಾಗಿ. 5311 ಎಂದರೆ ಡಿಪಾರ್ಟ್‌ಮೆಂಟ್ ಸ್ಟೋರ್. ದಿನಸಿ ಅಂಗಡಿ, ಸೂಪರ್‌ಮಾರ್ಕೆಟ್‌ಗಳದ್ದು 5411. ಆ ಮಳಿಗೆಯಲ್ಲಿ ದಿನಸಿ ಸಿಗುತ್ತದೆ ನಿಜ, ಆದರೆ ಅದರ ಬ್ಯಾಂಕಿನ ಕಣ್ಣಿಗೆ ಅದು ದಿನಸಿ ಅಂಗಡಿಯಲ್ಲ. ಇದರ ಅಕ್ಕಪಕ್ಕದಲ್ಲೇ ಇರುವ 5300 ಸದಸ್ಯತ್ವ ಪಡೆದು ಸಗಟು ಕೊಳ್ಳುವ ಮಳಿಗೆಗಳದ್ದು, 5310 ರಿಯಾಯಿತಿ ಮಳಿಗೆಗಳದ್ದು, 5331 ಬಗೆಬಗೆಯ ಸಣ್ಣ ಸಾಮಾನುಗಳ ಅಂಗಡಿಗಳದ್ದು. ಇವೆಲ್ಲದರಲ್ಲೂ ಅಕ್ಕಿ ಬೇಳೆ ಸಿಗಬಹುದು, ಯಾವುದೂ 5411 ಅಲ್ಲ. ಇನ್ನೊಂದು ತುದಿಯಲ್ಲಿ, ಬರೀ ತಿನ್ನುವ ಪದಾರ್ಥ ಮಾರುವ ಅಂಗಡಿಗಳೂ 5411ರ ಹೊರಗೆ ಬೀಳುತ್ತವೆ: ಮಾಂಸದಂಗಡಿ 5422, ಮಿಠಾಯಿ 5441, ಹಾಲಿನ ಪದಾರ್ಥ 5451, ಬೇಕರಿ 5462, ಇವು ಯಾವುದಕ್ಕೂ ಸೇರದವು 5499. ನಿಮ್ಮ ಕಾರ್ಡಿನ ಷರತ್ತು "ದಿನಸಿ" ಎಂದು ಬರೆದಿದ್ದರೆ ಅದು 5411 ಒಂದೇ ಇರಬಹುದು, 5422, 5499 ಸೇರಿಸಿಯೂ ಇರಬಹುದು. ಷರತ್ತುಗಳ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಸಂಖ್ಯೆಗಳು ಇವೆಯೇ ನೋಡಿ. ಇಲ್ಲದಿದ್ದರೆ ಬರೆದು ಕೇಳಿ ತರಿಸಿಕೊಳ್ಳಿ. ಇಡೀ ಲೆಕ್ಕ ನಿಂತಿರುವುದು ಆ ಪಟ್ಟಿಯ ಮೇಲೆ.

ಆ್ಯಪಿನ "ದಿನಸಿ" ಚೀಟಿಯ ವಿಷಯ ಬಹಳ ಜನರನ್ನು ದಾರಿ ತಪ್ಪಿಸುತ್ತದೆ, ಇದನ್ನು ಒತ್ತಿ ಹೇಳಬೇಕು. ಆ್ಯಪ್ ತೋರಿಸುವ ವರ್ಗ ಖರ್ಚಿನ ಚಿತ್ರ ಬಿಡಿಸಲು ಮಾಡಿದ್ದು. ಅಂಗಡಿಯ ಹೆಸರನ್ನು ನೋಡಿ, ಹಳೆಯ ವಹಿವಾಟುಗಳನ್ನು ನೋಡಿ ಊಹಿಸಿ ಹಾಕಿದ್ದಿರಬಹುದು. ಹಲವು ಆ್ಯಪ್‌ಗಳಲ್ಲಿ ಅದನ್ನು ನೀವೇ ಬದಲಿಸಿಕೊಳ್ಳಬಹುದು. ಕ್ಯಾಶ್‌ಬ್ಯಾಕಿನ ಲೆಕ್ಕ ಅದನ್ನು ತಿರುಗಿಯೂ ನೋಡುವುದಿಲ್ಲ. ದೂರು ಕೊಡುವಾಗ ಆ್ಯಪಿನ ಸ್ಕ್ರೀನ್‌ಶಾಟ್ ಲಗತ್ತಿಸಿದರೆ ನಿಮ್ಮ ವಾದಕ್ಕೆ ಬಲ ಬರುವುದಿಲ್ಲ, ನಾಲ್ಕಂಕಿ ಸಂಖ್ಯೆ ಬೇಕು.

ಬಂಕಿನ ಅಂಗಡಿ 5541ರಲ್ಲಿ ಬಂದಿದೆ ಎಂದರೆ ಒಳಗಿನ ಗಲ್ಲಾದ ಮಷೀನೂ ಬಂಕಿನ ಖಾತೆಗೇ ಜೋಡಿಸಲ್ಪಟ್ಟಿದೆ. 5541 ಇಂಧನ ಮಾರುವ ಸರ್ವಿಸ್ ಸ್ಟೇಷನ್, ಅದರ ಜೊತೆಗಿನ ಪೂರಕ ವ್ಯಾಪಾರವೂ ಸೇರಿ. ಪಂಪಿಗೇ ಕಾರ್ಡ್ ಹಾಕಿ ತುಂಬಿಸಿಕೊಳ್ಳುವ ಯಂತ್ರಗಳದ್ದು 5542. ಅಂಗಡಿಯನ್ನು ಬೇರೆಯವರು ಬಾಡಿಗೆಗೆ ಹಿಡಿದು ತಮ್ಮದೇ ಖಾತೆ ಇಟ್ಟುಕೊಂಡಿದ್ದರೆ 5499 ಬರುವ ಸಾಧ್ಯತೆ ಹೆಚ್ಚು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ರಸೀದಿಯಲ್ಲಿ ಅಚ್ಚಾಗುವ ವ್ಯಾಪಾರಿ ಸಂಖ್ಯೆ ಮಾತ್ರ ಬೇರೆ. ವಿದ್ಯುತ್ ವಾಹನ ಚಾರ್ಜ್ ಮಾಡಿಸುವವರಿಗೂ ಒಂದು ಮಾತು: ಅದರ ಕೋಡ್ 5552, ಇಂಧನದ ಎರಡು ಕೋಡುಗಳಿಗಿಂತ ಬೇರೆ. ಇಂಧನಕ್ಕೆ ರಿಯಾಯಿತಿ ಕೊಡುವ ಕಾರ್ಡ್ 5552ನ್ನು ಲೆಕ್ಕಕ್ಕೆ ಹಿಡಿಯದೇ ಇರಬಹುದು.

742ರ ಗುಟ್ಟು ಸುಲಭ. ಸಂಖ್ಯೆ 0742, ಪಶುವೈದ್ಯ ಸೇವೆ. ಸ್ಪ್ರೆಡ್‌ಶೀಟ್ ಅದನ್ನು ಎಣಿಕೆಯ ಸಂಖ್ಯೆ ಎಂದುಕೊಂಡು ಮುಂದಿನ ಸೊನ್ನೆಯನ್ನು ತಿಂದುಹಾಕಿದೆ. ಫೈಲನ್ನು ಎರಡು ಸಲ ಕ್ಲಿಕ್ ಮಾಡಿ ತೆರೆಯಬೇಡಿ. ಖಾಲಿ ಹಾಳೆ ತೆರೆದು, ಡೇಟಾ ಆಮದು ಮಾಡುವ ಆಯ್ಕೆಯಿಂದ ತಂದು, ಆ ಕಾಲಮ್ಮಿನ ಬಗೆಯನ್ನು "ಪಠ್ಯ" ಎಂದು ಇಡಿ. ಕೃಷಿಗೆ ಸಂಬಂಧಿಸಿದ 0763, ತೋಟ ನಿರ್ವಹಣೆಯ 0780 ಇವಕ್ಕೂ ಇದೇ ಗತಿ. ಕೋಡ್ ಪಟ್ಟಿಯೊಂದಿಗೆ ಹೊಂದಿಸುವ ಸೂತ್ರ ಬರೆದಿದ್ದರೆ ಈ ಸಾಲುಗಳು ಮಾತ್ರ ಸಿಗದೇ ಖಾಲಿ ಉಳಿಯುತ್ತವೆ, ಕಾರಣ ಹುಡುಕುತ್ತ ಸಂಜೆಯಾಗುತ್ತದೆ.

---

ಗಲ್ಲಾಪೆಟ್ಟಿಗೆ:

ತಾಳೆಪಟ್ಟಿಯವರು ಬರೆದಿದ್ದು ಕಾರ್ಡ್ ಹಿಡಿದವರ ಕಡೆಯಿಂದ. ಮಷೀನ್ ಇಟ್ಟವರ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಾಲ್ಕನೇ ಸಾಲಿನ ಉತ್ತರ ಇರುವುದು ಅಲ್ಲೇ.

ಈ ಕೋಡುಗಳ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 18245. ಮೊದಲು ಬಂದದ್ದು 2003ರಲ್ಲಿ, ಪರಿಷ್ಕೃತ ಆವೃತ್ತಿ 2023ರಲ್ಲಿ. ಅದರ ಮೇಲೆ ವೀಸಾ, ಮಾಸ್ಟರ್‌ಕಾರ್ಡ್ ಮೊದಲಾದ ಜಾಲಗಳು ತಮ್ಮ ತಮ್ಮ ಕೈಪಿಡಿ ಇಟ್ಟುಕೊಂಡಿವೆ. ಬಹುಪಾಲು ಒಂದೇ, ಅಲ್ಲಲ್ಲಿ ವ್ಯತ್ಯಾಸ. ಸಂಖ್ಯೆಗಳ ಬೇರು ಮಾತ್ರ ಇನ್ನೂ ಹಳೆಯದು: ಅಮೆರಿಕ ಸರ್ಕಾರ 1930ರ ದಶಕದಲ್ಲಿ ಉದ್ಯಮಗಳ ಅಂಕಿಅಂಶಕ್ಕಾಗಿ ಶುರುಮಾಡಿದ ಎಸ್‌ಐಸಿ ಎಂಬ ವರ್ಗೀಕರಣ. ದಿನಸಿಗೆ 5411, ಊಟದ ಮನೆಗೆ 5812, ಔಷಧಿ ಅಂಗಡಿಗೆ 5912, ವಸತಿಗೆ 7011 ಎಂಬ ಅಂಕಿಗಳು ಆ ಪಟ್ಟಿಯಲ್ಲೂ ಹಾಗೇ ಇವೆ. ಹೊಸ ಕಾಲದ ವ್ಯಾಪಾರಗಳು ಇದರ ಸಂದಿಯಲ್ಲಿ ತೂರಿಕೊಂಡಿವೆ: ಡಿಜಿಟಲ್ ಪುಸ್ತಕ, ಸಿನಿಮಾ, ಸಂಗೀತಕ್ಕೆ 5815, ಆಟಗಳಿಗೆ 5816, ಆ್ಯಪ್‌ಗಳಿಗೆ 5817, ಇವೆಲ್ಲವನ್ನೂ ದೊಡ್ಡ ಪ್ರಮಾಣದಲ್ಲಿ ಮಾರುವವರಿಗೆ 5818. ಇವು ಊಟದ 5812, ಬಾರಿನ 5813, ಫಾಸ್ಟ್‌ಫುಡ್ಡಿನ 5814ರ ಮಗ್ಗುಲಲ್ಲೇ ಕೂತಿವೆ. ಆದ್ದರಿಂದ "58ರಿಂದ ಶುರುವಾಗುವುದೆಲ್ಲ ಊಟ" ಎಂದು ಸೂತ್ರ ಬರೆದರೆ ಆಟದ ಖರ್ಚೆಲ್ಲ ಹೋಟೆಲಿನ ಬಾಬತ್ತಿಗೆ ಹೋಗುತ್ತದೆ.

ದೊಡ್ಡ ವಿಮಾನಯಾನ, ಕಾರು ಬಾಡಿಗೆ, ಹೋಟೆಲ್ ಸಮೂಹಗಳಿಗೆ 3000ರಿಂದ 3999ರ ಒಳಗೆ ಅವರದ್ದೇ ಸ್ವಂತ ಸಂಖ್ಯೆ ಇದೆ. 3000 ಯುನೈಟೆಡ್, 3001 ಅಮೆರಿಕನ್, 3005 ಬ್ರಿಟಿಷ್ ಏರ್‌ವೇಸ್, 3504 ಹಿಲ್ಟನ್, 3509 ಮ್ಯಾರಿಯಟ್. ಸ್ವಂತ ಸಂಖ್ಯೆ ಇಲ್ಲದ ವಿಮಾನ ಸಂಸ್ಥೆಗೆ 4511, ಹೋಟೆಲಿಗೆ 7011. ಅದೇ ಟಿಕೆಟನ್ನು ಏಜೆಂಟರ ಮೂಲಕ ಕೊಂಡರೆ 4722. "ವಿಮಾನ ಟಿಕೆಟಿಗೆ ಹೆಚ್ಚು ಪಾಯಿಂಟ್" ಎಂಬ ಕಾರ್ಡಿನಲ್ಲಿ 4722 ಹೊರಗುಳಿದು ನಷ್ಟವಾಗುವುದು ಹೀಗೆ. ವಿಮಾನವೂ ಅದೇ, ಸೀಟೂ ಅದೇ, ಹಣ ಹೋದ ಖಾತೆ ಬೇರೆ.

ಇನ್ನು ನಕ್ಷತ್ರದ ಗುರುತು. ಸಣ್ಣ ಅಂಗಡಿಗಳು ನೇರವಾಗಿ ಬ್ಯಾಂಕಿನಲ್ಲಿ ಖಾತೆ ತೆರೆಯದೆ ನಡುವಿನ ಒಂದು ಪಾವತಿ ಕಂಪನಿಯ ಕೆಳಗೆ ಸೇರಿಕೊಳ್ಳುತ್ತವೆ. ಆಗ ಸ್ಟೇಟ್‌ಮೆಂಟಿನ ಹೆಸರಿನ ಜಾಗದಲ್ಲಿ ಮೊದಲು ಆ ಕಂಪನಿಯ ಮೊಟಕು ಹೆಸರು, ಆಮೇಲೆ ನಕ್ಷತ್ರ, ಆಮೇಲೆ ಅಂಗಡಿ. ವೀಸಾ ಜಾಲದಲ್ಲಿ ಹೆಸರಿಗೆ ಸಿಗುವುದು 25 ಅಕ್ಷರ, ಊರಿಗೆ 13, ದೇಶಕ್ಕೆ 2, ಒಟ್ಟು 40. ಮೊಟಕು ಹೆಸರು 3, 7 ಅಥವಾ 12 ಅಕ್ಷರ ಇರಬೇಕು, ನಕ್ಷತ್ರ 4, 8 ಇಲ್ಲವೇ 13ನೇ ಜಾಗದಲ್ಲಿ. ನಿಮ್ಮ ಸಾಲಿನಲ್ಲಿ ನಕ್ಷತ್ರ 4ನೇ ಜಾಗದಲ್ಲಿದೆ, ಅಂಗಡಿಗೆ ಉಳಿದದ್ದು 21 ಅಕ್ಷರ. ಉದ್ದದ ಹೆಸರು ಅಲ್ಲಿ ಕತ್ತರಿಸಿಹೋಗುತ್ತದೆ. ಆನ್‌ಲೈನ್ ಅಂಗಡಿಗಳಲ್ಲಿ ಊರಿನ ಜಾಗದಲ್ಲಿ ಫೋನ್ ನಂಬರೋ ಜಾಲತಾಣದ ವಿಳಾಸವೋ ಇರುವುದುಂಟು. ಗುರುತು ಸಿಗದ ಸಾಲು ಕಂಡರೆ ಮೊದಲು ಅಲ್ಲಿ ನೋಡಿ.

ನಡುವಿನ ಕಂಪನಿ ಪ್ರತಿ ಅಂಗಡಿಗೂ ಅದರದ್ದೇ ವ್ಯಾಪಾರದ ಕೋಡ್ ಕಳಿಸಬೇಕು, ತನ್ನದಲ್ಲ. ನಿಮ್ಮ ದಿನಸಿಗೆ 7399 ಬಂದಿರುವುದು ಈ ಹೆಜ್ಜೆಯಲ್ಲಿ ಎಡವಿದ್ದರಿಂದ. 7399 ಎಂದರೆ ಬೇರೆಲ್ಲೂ ಸೇರದ ವ್ಯಾಪಾರ ಸೇವೆಗಳು. ಅಂಗಡಿಯವರು ನೋಂದಾಯಿಸುವಾಗ ವ್ಯಾಪಾರದ ಬಗೆ ಕೇಳಿದ ಕಡೆ "ಇತರೆ" ಒತ್ತಿದ್ದರೆ ಇಂಥ ಕೋಡ್ ಕೂರುತ್ತದೆ. 5999 ಕೂಡ ಇದೇ ಥರದ ಗೋದಾಮು, ಅದು ಚಿಲ್ಲರೆ ಅಂಗಡಿಗಳಿಗೆ. ಈ ಎರಡು ಸಂಖ್ಯೆ ಕಂಡಾಗಲೆಲ್ಲ ಯಾರೋ ಸರಿಯಾಗಿ ನೋಡದೆ ಹಾಕಿದ್ದಾರೆಯೇ ಎಂದು ಸಂಶಯಪಡುವುದು ನ್ಯಾಯವೇ.

ಇದನ್ನು ತಿದ್ದಿಸಬಲ್ಲವರು ಅಂಗಡಿಯವರು ಮಾತ್ರ. ಮಷೀನಿನ ರಸೀದಿಯಲ್ಲಿ ಎರಡು ಸಂಖ್ಯೆ ಇರುತ್ತವೆ: ವ್ಯಾಪಾರಿ ಸಂಖ್ಯೆ ಅಂದರೆ ಎಂಐಡಿ, ಮಷೀನಿನ ಸಂಖ್ಯೆ ಅಂದರೆ ಟಿಐಡಿ. ಆ ಎಂಐಡಿ ಕೊಟ್ಟು, ಈಗ ಇರುವ ಕೋಡ್ ಯಾವುದು, ಬೇಕಾದದ್ದು ಯಾವುದು, ಒಟ್ಟು ಮಾರಾಟದಲ್ಲಿ ದಿನಸಿಯ ಪಾಲು ಎಷ್ಟು ಎಂದು ಬರೆದು, ವ್ಯಾಪಾರದ ಪರವಾನಗಿಯ ಪ್ರತಿ, ಕೆಲವು ಬಿಲ್ಲುಗಳು, ಅಂಗಡಿಯ ಒಳಗಿನ ಚಿತ್ರ ಸೇರಿಸಿ ತಮ್ಮ ಬ್ಯಾಂಕಿಗೋ ಪಾವತಿ ಕಂಪನಿಗೋ ಕಳಿಸಬೇಕು. ಪಾಲನ್ನು ಬರೆಯುವುದು ಮುಖ್ಯ, ಕೋಡ್ ನಿಲ್ಲುವುದೇ ಅತಿ ಹೆಚ್ಚು ಮಾರಾಟವಾಗುವ ಬಾಬತ್ತಿನ ಮೇಲೆ. ಅಂಗಡಿ ಮತ್ತು ಊಟದ ಮನೆ ಒಂದೇ ಸೂರಿನಡಿ ಇದ್ದು ಗಲ್ಲಾ ಬೇರೆ ಬೇರೆ ಇದ್ದರೆ ಎರಡು ಎಂಐಡಿ ಕೇಳುವುದು ಒಳ್ಳೆಯದು. ಬದಲಾವಣೆ ಮುಂದಿನ ವಹಿವಾಟುಗಳಿಗೆ ಮಾತ್ರ, ಹಿಂದಿನವು ಹಾಗೇ ಉಳಿಯುತ್ತವೆ. ಅಂಗಡಿಯವರಿಗೂ ಇದರಲ್ಲಿ ಲಾಭವಿದೆ. ಕಾರ್ಡ್ ವಹಿವಾಟಿಗೆ ಬ್ಯಾಂಕುಗಳ ನಡುವೆ ಕಟ್ಟುವ ಇಂಟರ್‌ಚೇಂಜ್ ಶುಲ್ಕವೂ ಹಲವು ಕಡೆ ಕೋಡನ್ನು ನೋಡಿಯೇ ನಿಲ್ಲುತ್ತದೆ, ತಪ್ಪು ಕೋಡಿನಲ್ಲಿ ಅವರು ಹೆಚ್ಚು ತೆರುತ್ತಿರಬಹುದು. "ನಿಮ್ಮ ಕೋಡ್ 7399 ಎಂದು ಬರುತ್ತಿದೆ, ಒಮ್ಮೆ ವಿಚಾರಿಸಿ" ಎಂದು ನಯವಾಗಿ ತಿಳಿಸಿದರೆ ಕೇಳುತ್ತಾರೆ.

ಕೆಲವು ವ್ಯಾಪಾರಕ್ಕೆ ಸರಿಯಾದ ಕೋಡೇ ಇರುವುದಿಲ್ಲ ಎಂಬುದನ್ನೂ ಮರೆಯಬಾರದು. ಬಂದೂಕು, ಮದ್ದುಗುಂಡಿನ ಅಂಗಡಿಗಳಿಗೆ 5723 ಎಂಬ ಪ್ರತ್ಯೇಕ ಸಂಖ್ಯೆಯನ್ನು ಐಎಸ್‌ಒ ಒಪ್ಪಿದ್ದು 2022ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಮುಂಚೆ ಅವು ಕ್ರೀಡಾ ಸಾಮಗ್ರಿಯ 5941ರಲ್ಲೋ 5999ರಲ್ಲೋ ಇರುತ್ತಿದ್ದವು.

---

ಬಡ್ಡಿಲೆಕ್ಕ:

ಮೂರನೇ ಸಾಲಿನ ಬಗ್ಗೆ ಯಾರೂ ಇನ್ನೂ ಬರೆದಿಲ್ಲ. ನಾಲ್ಕರಲ್ಲಿ ಕೈ ಕಚ್ಚುವುದು ಇದೊಂದೇ, ಉಳಿದವು ಬರಬೇಕಾದದ್ದು ಬರಲಿಲ್ಲ ಎಂಬಷ್ಟೇ.

ಕಾರ್ಡಿನಿಂದ ನಗದು ತೆಗೆದರೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಬ್ಯಾಂಕಿನ ಕೌಂಟರಿನಲ್ಲಿ ತೆಗೆದದ್ದು 6010, ಎಟಿಎಂನದ್ದು 6011. ಇವೆರಡರ ಜೊತೆ, ನೋಡಲು ಖರೀದಿಯಂತಿದ್ದು ಕೊನೆಗೆ ನಗದಿಗೆ ಸಮನಾದದ್ದು ಕೈಗೆ ಬರುವ ಕೆಲವು ಕೋಡುಗಳನ್ನೂ ಬಹಳ ಬ್ಯಾಂಕುಗಳು ಅದೇ ಸಾಲಿನಲ್ಲಿ ನಿಲ್ಲಿಸುತ್ತವೆ: ಹಣ ರವಾನೆಯ 4829, ವಿದೇಶಿ ನಾಣ್ಯ, ಟ್ರಾವೆಲರ್ಸ್ ಚೆಕ್, ಕ್ರಿಪ್ಟೋ ಇತ್ಯಾದಿಯ 6051, ವ್ಯಾಲೆಟ್ ಮತ್ತು ಪ್ರೀಪೇಯ್ಡ್ ಕಾರ್ಡಿಗೆ ಹಣ ತುಂಬುವ 6540, ಜೂಜಿನ 7995. ಯಾವುದು ಸೇರುತ್ತದೆ, ಯಾವುದು ಇಲ್ಲ ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಕೆಲವು ಕಡೆ 6540ಕ್ಕೆ ಪಾಯಿಂಟ್ ಇಲ್ಲ ಅಷ್ಟೆ, ಬಡ್ಡಿ ಹಾಕುವುದಿಲ್ಲ. ನಿಮ್ಮ ಬ್ಯಾಂಕ್ ಎರಡನ್ನೂ ಮಾಡುವ ಗುಂಪಿನದು.

ಬಡ್ಡಿ ಎಷ್ಟೆಂದು ನೋಡಿ. ವರ್ಷಕ್ಕೆ ನೂರಕ್ಕೆ 24ರ ದರದಲ್ಲಿ 10,000 ಮೊತ್ತವನ್ನು 20 ದಿನ ಇಟ್ಟುಕೊಂಡರೆ: 10,000 × 0.24 ÷ 365 × 20 = 131.51. ಶುಲ್ಕ ಇದರ ಮೇಲೆ ಬೇರೆ. ಒಂದು ವೇಳೆ ನೂರಕ್ಕೆ ಒಂದು ಕ್ಯಾಶ್‌ಬ್ಯಾಕ್ ಸಿಕ್ಕಿದ್ದರೂ ಬರುತ್ತಿದ್ದದ್ದು 100. ಹಾಗಾಗಿ ಸ್ಟೇಟ್‌ಮೆಂಟಿನಲ್ಲಿ ಈ ಸಾಲು ಕಂಡ ದಿನವೇ, ಕೊನೆಯ ದಿನಾಂಕಕ್ಕೆ ಕಾಯದೆ, ಆ ಮೊತ್ತ ಕಟ್ಟಿಬಿಡಿ. ಆದರೆ ಕಟ್ಟಿದ ಹಣ ಮೊದಲು ಯಾವ ಬಾಕಿಗೆ ಜಮಾ ಆಗುತ್ತದೆ ಎಂಬುದಕ್ಕೆ ಪ್ರತಿ ಕಾರ್ಡಿಗೂ ಒಂದು ಕ್ರಮವಿದೆ. ನಗದು ಬಾಕಿ ಕೊನೆಗೆ ತೀರುವ ಕ್ರಮವಿದ್ದರೆ ಪೂರ್ತಿ ಬಾಕಿ ಕಟ್ಟಿದರಷ್ಟೇ ಬಡ್ಡಿ ನಿಲ್ಲುತ್ತದೆ.

ಮುಂದೆ ಹೀಗಾಗದಿರಲು ಒಂದು ಗಟ್ಟಿ ಉಪಾಯ: ಕ್ರೆಡಿಟ್ ಮಿತಿಯ ಒಳಗೆ ನಗದು ಮಿತಿ ಎಂದು ಬೇರೆ ಇರುತ್ತದೆ. ಕೇಳಿದರೆ ಅದನ್ನು ತೀರ ಕಡಿಮೆ ಅಥವಾ ಸೊನ್ನೆ ಮಾಡಿಕೊಡುವ ಬ್ಯಾಂಕುಗಳಿವೆ. ಆಗ ನಗದು ಎಂದು ಎಣಿಸುವ ಕೋಡಿನಲ್ಲಿ ವಹಿವಾಟು ಬಂದರೆ ಅದು ಒಪ್ಪಿಗೆಯಾಗುವ ಮುಂಚೆಯೇ ತಿರಸ್ಕಾರವಾಗುತ್ತದೆ. ಶುಲ್ಕವೂ ಇಲ್ಲ, ಬಡ್ಡಿಯೂ ಇಲ್ಲ.

ವ್ಯಾಲೆಟ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ವ್ಯವಸ್ಥೆಗಳಿವೆ, ಅದನ್ನೂ ಬಿಡಿಸಿ ನೋಡಬೇಕು. ಫೋನಿನಲ್ಲಿ ಕಾರ್ಡ್ ಸೇರಿಸಿ ಮಷೀನಿಗೆ ತಾಕಿಸುವ ಬಗೆಯಲ್ಲಿ ನಿಮ್ಮ ಕಾರ್ಡ್ ಸಂಖ್ಯೆಯ ಬದಲು ಒಂದು ಟೋಕನ್ ಹೋಗುತ್ತದೆ, ಅಂಗಡಿಯ ಕೋಡ್ ಇದ್ದಂತೆ ಉಳಿಯುತ್ತದೆ. ದಿನಸಿ ಅಂಗಡಿಯಲ್ಲಿ ಫೋನ್ ತಾಕಿಸಿದರೂ 5411. ಮೊದಲು ಹಣ ತುಂಬಿಸಿಟ್ಟುಕೊಂಡು ಆಮೇಲೆ ಅದರಿಂದ ಖರ್ಚು ಮಾಡುವ ಬಗೆಯಲ್ಲಿ ನಿಮ್ಮ ಕಾರ್ಡಿಗೆ ಕಾಣುವುದು ತುಂಬಿಸಿದ್ದು ಮಾತ್ರ. ಆಮೇಲೆ ಅದರಿಂದ ದಿನಸಿ ಕೊಂಡಿರಾ, ಪುಸ್ತಕ ಕೊಂಡಿರಾ ಎಂಬುದು ಕಾರ್ಡಿನ ಬ್ಯಾಂಕಿಗೆ ತಿಳಿಯುವುದೇ ಇಲ್ಲ.

ಬಾಡಿಗೆ, ತೆರಿಗೆ, ವಿಮೆ ಕಟ್ಟುವವರು ಪಾಯಿಂಟ್ ನಂಬಿ ಕೂರುವ ಮುಂಚೆ 6513, 9311, 6300 ಈ ಮೂರು ಸಂಖ್ಯೆ ಷರತ್ತಿನಲ್ಲಿ ಹೊರಗಿಟ್ಟವುಗಳ ಪಟ್ಟಿಯಲ್ಲಿ ಇವೆಯೇ ಎಂದು ಹುಡುಕಲಿ.

---

ಜಮಾಖರ್ಚು:

ಎಲ್ಲರಿಗೂ ಧನ್ಯವಾದ. ಸೊನ್ನೆ ತಿಂದುಹಾಕಿದ್ದು ಸರಿಹೋಯಿತು, ನಗದು ಮಿತಿ ಇಳಿಸಲು ಬರೆದು ಕಳಿಸಿದೆ. ಇನ್ನೆರಡು ವಿಷಯ. ವಹಿವಾಟು ಇನ್ನೂ ಪೆಂಡಿಂಗ್ ಇರುವಾಗ ಕಂಡ ವರ್ಗ, ಖಾತೆಗೆ ಇಳಿದ ಮೇಲೆ ಬದಲಾಗುವುದು ಯಾಕೆ? ಸಾಮಾನು ವಾಪಸ್ ಕೊಟ್ಟಾಗ ಕ್ಯಾಶ್‌ಬ್ಯಾಕ್ ಹಿಂದಕ್ಕೆ ಹೋಗುವ ಲೆಕ್ಕ ಹೇಗೆ?

---

ತಾಳೆಪಟ್ಟಿ:

ಒಂದು ವಹಿವಾಟಿಗೆ ಎರಡು ಸಂದೇಶಗಳು ಹೋಗುತ್ತವೆ. ಕಾರ್ಡ್ ತಾಕಿಸಿದ ಕ್ಷಣ ಹೋಗುವುದು ಒಪ್ಪಿಗೆಯ ಸಂದೇಶ. ಕಾರ್ಡ್ ಸಂದೇಶಗಳ ಮಾನಕವಾದ ಐಎಸ್‌ಒ 8583 ಮಾದರಿಯಲ್ಲಿ ಕೋಡ್ ಅದರ 18ನೇ ಕ್ಷೇತ್ರದಲ್ಲಿ ಕೂರುತ್ತದೆ, ಅಂಗಡಿಯ ಹೆಸರು, ಊರು 43ನೇ ಕ್ಷೇತ್ರದಲ್ಲಿ. ಆಮೇಲೆ ಅಂಗಡಿ ಆ ದಿನದ ಲೆಕ್ಕ ಮುಚ್ಚಿದಾಗ ಹೋಗುವುದು ಕ್ಲಿಯರಿಂಗ್ ಸಂದೇಶ. ಮಾಸ್ಟರ್‌ಕಾರ್ಡಿನಲ್ಲಿ ಅದರಲ್ಲಿ ಕೋಡಿನ ಜಾಗ 26ನೇ ಕ್ಷೇತ್ರ. ಎರಡನ್ನೂ ಬೇರೆ ಬೇರೆ ವ್ಯವಸ್ಥೆಗಳು ತಯಾರಿಸುವುದರಿಂದ ಹೆಸರೂ ಕೋಡೂ ಹೊಂದದಿರುವುದು ಆಗುತ್ತದೆ. ಖಾತೆಗೆ ಇಳಿಯುವುದು ಎರಡನೆಯದು, ಕ್ಯಾಶ್‌ಬ್ಯಾಕ್ ಕೂಡ ಸಾಮಾನ್ಯವಾಗಿ ಅದರ ಮೇಲೆಯೇ. ಪೆಂಡಿಂಗ್ ನೋಡಿ ದೂರು ಬರೆಯಬೇಡಿ. 5542ರ ಪಂಪಿನಲ್ಲಂತೂ ಮೊತ್ತವೇ ಬದಲಾಗುತ್ತದೆ: ಎಷ್ಟು ತುಂಬಿಸುತ್ತೀರಿ ಎಂದು ಮೊದಲೇ ಗೊತ್ತಿಲ್ಲದ ಕಾರಣ ಒಂದು ಅಂದಾಜು ಮೊತ್ತ ತಡೆಹಿಡಿದು, ಆಮೇಲೆ ನಿಜವಾದದ್ದು ಇಳಿಯುತ್ತದೆ.

ವಾಪಸಾತಿ ಸ್ವತಂತ್ರ ವಹಿವಾಟು, ಅದಕ್ಕೂ ಅದರದ್ದೇ ಕೋಡ್ ಇರುತ್ತದೆ. ಕೊಂಡ ಗಲ್ಲಾದಲ್ಲೇ ವಾಪಸ್ ಮಾಡಿದರೆ ಅದೇ ಎಂಐಡಿ, ಅದೇ ಕೋಡ್. ಐದು ಬಂದಿದ್ದರೆ ಐದೂ ಹೋಗುತ್ತದೆ. ಅಂಗಡಿಯವರು ಕೇಂದ್ರ ಕಚೇರಿಯ ಬೇರೆ ಖಾತೆಯಿಂದ ಹಣ ಮರಳಿಸಿದರೆ ಕೋಡ್ ಬೇರೆಯಾಗಬಹುದು. ನೂರಕ್ಕೆ ಒಂದು ಗಳಿಸಿದ ಖರ್ಚಿಗೆ ನೂರಕ್ಕೆ ಐದು ಕಳೆದದ್ದು ಕಂಡರೆ ಕಾರಣ ಇದೇ, ಮತ್ತು ಇದು ಬ್ಯಾಂಕಿಗೆ ಬರೆದು ಕೇಳಲೇಬೇಕಾದ ವಿಷಯ. ಎರಡೂ ಸಾಲಿನ ದಿನಾಂಕ, ಮೊತ್ತ, ಕೋಡ್ ಪಕ್ಕಪಕ್ಕ ಬರೆದು ಕಳಿಸಿ. ತಿಂಗಳಿಗೆ ಇಂತಿಷ್ಟೇ ಎಂಬ ಮಿತಿ ಇರುವ ಕಾರ್ಡಿನಲ್ಲಿ ಇನ್ನೊಂದು ತೊಡಕು: ಖರ್ಚು ಒಂದು ತಿಂಗಳ ಮಿತಿಯಲ್ಲಿ, ವಾಪಸಾತಿ ಮುಂದಿನ ತಿಂಗಳಿನಲ್ಲಿ ಬೀಳುತ್ತದೆ. ಲೆಕ್ಕವನ್ನು ವಹಿವಾಟಿನ ದಿನಾಂಕದ ಮೇಲಲ್ಲ, ಖಾತೆಗೆ ಇಳಿದ ದಿನಾಂಕದ ಮೇಲೆ ಹಾಕಿ ನೋಡಿ, ಹೆಚ್ಚಿನ ವ್ಯತ್ಯಾಸಗಳು ಅಲ್ಲೇ ಕೂಡಿಕೊಳ್ಳುತ್ತವೆ.

ಬ್ಯಾಂಕಿಗೆ ಬರೆಯುವಾಗ ಮಾತು ಹೀಗಿರಲಿ: "ಇಂಥ ದಿನ ಖಾತೆಗೆ ಇಳಿದ, ಇಷ್ಟು ಮೊತ್ತದ ಈ ವಹಿವಾಟು ಯಾವ ಎಂಸಿಸಿಯಲ್ಲಿ ಕ್ಲಿಯರ್ ಆಗಿದೆ? ನಾಲ್ಕಂಕಿ ಸಂಖ್ಯೆ ಬೇಕು, ವರ್ಗದ ಹೆಸರು ಸಾಲದು. ಇದರ ಎಆರ್‌ಎನ್ ಕೂಡ ಕೊಡಿ." ಎಆರ್‌ಎನ್ ಎಂದರೆ ಅಂಗಡಿಯ ಬ್ಯಾಂಕ್ ಪ್ರತಿ ವಹಿವಾಟಿಗೆ ಕೊಡುವ 23 ಅಂಕಿಯ ಗುರುತು. ಅದರ 2ರಿಂದ 7ನೇ ಅಂಕಿಯವರೆಗಿನ ಆರು ಅಂಕಿ ಅಂಗಡಿಯ ಬ್ಯಾಂಕನ್ನು ತೋರಿಸುತ್ತವೆ, ಮುಂದಿನ ನಾಲ್ಕು ದಿನಾಂಕವನ್ನು: ವರ್ಷದ ಕೊನೆಯ ಅಂಕಿ, ಆಮೇಲೆ ವರ್ಷದ ಎಷ್ಟನೇ ದಿನ ಎಂಬ ಮೂರಂಕಿ. ಆ ನಾಲ್ಕು 5032 ಎಂದಿದ್ದರೆ 2025ರ 32ನೇ ದಿನ, ಫೆಬ್ರುವರಿ 1. ಅಂಗಡಿಯವರು ತಮ್ಮ ಬ್ಯಾಂಕಿನಲ್ಲಿ ವಿಚಾರಿಸುವಾಗ ಈ ಒಂದು ಸಂಖ್ಯೆ ಕೊಟ್ಟರೆ ಸಾಕು, ಸಾಲು ಸಿಕ್ಕಿಬಿಡುತ್ತದೆ.

---

ಗಲ್ಲಾಪೆಟ್ಟಿಗೆ:

ಮುಂಚೆಯೇ ತಿಳಿಯುವುದು ಹೇಗೆ ಎಂಬ ಮೂರನೇ ಪ್ರಶ್ನೆ ಹಾಗೇ ಉಳಿದಿದೆ. ನಂಬುವಂಥ ದಾರಿ ಒಂದೇ: ದೊಡ್ಡ ಖರ್ಚಿಗೆ ಮುಂಚೆ ಅದೇ ಗಲ್ಲಾದಲ್ಲಿ, ಅದೇ ಕಾರ್ಡಿನಲ್ಲಿ, ಒಂದು ಚಿಕ್ಕ ಖರೀದಿ ಮಾಡಿ, ಅದು ಖಾತೆಗೆ ಇಳಿಯುವವರೆಗೆ ಕಾದು ಕೋಡ್ ನೋಡುವುದು. "ಅದೇ ಗಲ್ಲಾ" ಎಂಬುದನ್ನು ಅಕ್ಷರಶಃ ಪಾಲಿಸಿ. ಒಂದೇ ಹೆಸರಿನ ಎರಡು ಶಾಖೆಗಳಿಗೆ ಎರಡು ಬ್ಯಾಂಕು, ಎರಡು ಕೋಡ್ ಇರಬಹುದು. ಅಂಗಡಿಯ ಆನ್‌ಲೈನ್ ಮಾರಾಟಕ್ಕೆ ಮೂರನೆಯದು ಇರಬಹುದು. ಔಷಧಿ ಕೌಂಟರ್ ಒಳಗೇ ಇದ್ದರೂ ಅದರ ಮಷೀನ್ 5912ರದ್ದಿರಬಹುದು. ಜಾಲದಲ್ಲಿ ಜನ ಹಂಚಿಕೊಳ್ಳುವ ಕೋಡ್ ಪಟ್ಟಿಗಳನ್ನು ಸುಳಿವಾಗಿ ಬಳಸಿ, ಸಾಕ್ಷಿಯಾಗಿ ಬೇಡ. ಅಂಗಡಿ ಬ್ಯಾಂಕ್ ಬದಲಿಸಿದ ದಿನ ಆ ಪಟ್ಟಿ ಹಳತಾಯಿತು.

ಚಿಕ್ಕ ಖರೀದಿಯ ರಸೀದಿಯನ್ನು ಎಸೆಯಬೇಡಿ. ಅದರ ಎಂಐಡಿಯನ್ನು ಸಿಎಸ್‌ವಿಯ ಆ ಸಾಲಿನ ಪಕ್ಕ ಇನ್ನೊಂದು ಕಾಲಮ್ಮಿನಲ್ಲಿ ಬರೆದಿಡಿ, ಅದನ್ನೂ ಪಠ್ಯವಾಗಿಯೇ. ಉದ್ದದ ಸಂಖ್ಯೆಯನ್ನು ಸ್ಪ್ರೆಡ್‌ಶೀಟ್ 15 ಅಂಕಿಗಳಾಚೆ ಸೊನ್ನೆಯಾಗಿಸುತ್ತದೆ, 23 ಅಂಕಿಯ ಎಆರ್‌ಎನ್ ಹಾಳಾಗುವುದು ಹೀಗೇ. ದೊಡ್ಡ ಖರೀದಿಯ ದಿನ ಹೊಸ ರಸೀದಿಯ ಎಂಐಡಿ ಹಳೆಯದಕ್ಕೆ ಹೊಂದುತ್ತದೆಯೇ ನೋಡಿ. ಅದಕ್ಕಾಗಿ ಮೊದಲು ಒಂದು ಸಣ್ಣ ಸಾಮಾನನ್ನು ಪ್ರತ್ಯೇಕ ಬಿಲ್ ಮಾಡಿಸಿ ರಸೀದಿ ಓದಿ. ಸಂಖ್ಯೆ ಬೇರೆ ಬಂದರೆ ದೊಡ್ಡ ಬಿಲ್ಲನ್ನು ಬೇರೆ ಕಾರ್ಡಿನಲ್ಲಿ ಕೊಡಬಹುದು.